ಕೆಂಗೇರಿಯ ಗಲ್ಲಾಪೆಟ್ಟಿಗೆ ಎಲ್ಲಿಗೆ ಹೋಯ್ತು?

ಗಣೇಶನ ಹಬ್ಬಕ್ಕೆ ಚಂದಾ ಎತ್ತಲು ಬರುವಾಗ ನಮ್ಮ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದೇ ಬರುತ್ತಾರೆ. ಹಬ್ಬ ಮುಗಿದ ವಾರದೊಳಗೆ ಲೆಕ್ಕದ ಹಾಳೆ ಗೋಡೆಗೆ ಅಂಟಿಸುತ್ತಾರೆ. ಶಾಮಿಯಾನ, ಹೂವು, ಮೈಕ್ ಸೆಟ್, ಪ್ರಸಾದ, ಕೊನೆಗೆ ಉಳಿಕೆ. ಹೋದ ಸಲ ಉಳಿದ ದುಡ್ಡಲ್ಲಿ ಬೀದಿ ಮೂಲೆಯ ಮೋರಿಗೆ ಎರಡು ಚಪ್ಪಡಿ ಹಾಕಿಸೋಣ ಅಂತ ಮಾತು ಬಂತು. ಪಕ್ಕದ ಮನೆಯ ಅಜ್ಜಿ ಕೇಳಿದರು: ‘ಕಂದಾಯ ಕಟ್ಟಿಲ್ವೇನ್ರಪ್ಪಾ? ಮೋರಿಗೂ ಚಂದಾನಾ?’

ಊರಿನ ಕೆಲಸಕ್ಕೆ ದುಡ್ಡು ಎಲ್ಲಿಂದ, ಅದನ್ನು ಖರ್ಚು ಮಾಡುವವರು ಯಾರು? ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಕೆರೆಯಷ್ಟೇ ವಯಸ್ಸು. ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಅಂತ ಒಂದು ಪದ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲು ಅದು. ಕೆರೆ ತುಂಬಿದರೆ ಅವರ ಕಣಜವೂ ತುಂಬುತ್ತದೆ. ಏರಿ ಒಡೆದರೆ ಅವರಿಗೂ ಇಲ್ಲ. ಹೂಳು ತೆಗೆಸಿ ಅಂತ ಯಾರೂ ಅರ್ಜಿ ಹಿಡಿದು ಓಡಾಡಬೇಕಿರಲಿಲ್ಲ. ಆ ಕಾಲ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಗದ್ದೆ ಯಾರದ್ದು, ಹೂಳು ಹೊತ್ತವರು ಯಾರು ಅನ್ನೋದು ಬೇರೆಯೇ ಕಥೆ. ಆದರೆ ದುಡ್ಡು ಹುಟ್ಟುವ ಜಾಗ, ಖರ್ಚಾಗುವ ಜಾಗ ಎರಡೂ ಒಂದೇ ಆಗಿದ್ದವು.

ಪೇಟೆಗೆ ಗದ್ದೆ ಇಲ್ಲ, ಸರಕಿದೆ. ಹಾಗಾಗಿ ಅಲ್ಲಿ ಸುಂಕ. ಮಾಗಡಿ ರಸ್ತೆಯ ಸುಂಕದಕಟ್ಟೆಗೆ ದಿನವೂ ಬಸ್ಸಲ್ಲಿ ಹೋಗುವ ಎಷ್ಟು ಜನಕ್ಕೆ ಆ ಹೆಸರು ಕಿವಿಗೆ ತಟ್ಟುತ್ತದೋ ಗೊತ್ತಿಲ್ಲ. 1862ರಲ್ಲಿ ಪೇಟೆಗೆ ಒಂದು, ದಂಡಿಗೆ (ಕಂಟೋನ್ಮೆಂಟಿಗೆ) ಒಂದು ಅಂತ ಎರಡು ಪುರಸಭಾ ಮಂಡಳಿಗಳು ಬಂದವು. 1882ರಲ್ಲಿ ಸದಸ್ಯರ ಪೈಕಿ ಅರ್ಧದಷ್ಟು ಜನರನ್ನು ಚುನಾಯಿಸಲು ಅವಕಾಶ ಸಿಕ್ಕಿತು. ಆಸ್ತಿ ತೆರಿಗೆ ಬಂದದ್ದೂ ಅದೇ ಹೊತ್ತಿಗೆ. ತೆರಿಗೆ ಮತ್ತು ವೋಟು ಈ ಊರಿಗೆ ಜೋಡಿಯಾಗಿ ಬಂದವು, ಇದನ್ನು ನೆನಪಿಟ್ಟುಕೊಳ್ಳಿ. 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯಿತು.

ಮೊದಲ ದೊಡ್ಡ ತಿರುವು 1979. ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಅನ್ನು ರಾಜ್ಯ ಸರ್ಕಾರ ಆ ವರ್ಷ ತೆಗೆದುಹಾಕಿತು. ಲಾರಿಗಳ ಸಾಲು ತಪ್ಪಿತು, ಸುಂಕದ ನಾಕಾದಲ್ಲಿ ಕೈಬಿಸಿ ಮಾಡೋದೂ ತಪ್ಪಿತು. ಒಳ್ಳೆಯದೇ. ಬದಲಿಗೆ ಬಂದ ಪ್ರವೇಶ ತೆರಿಗೆ ಮಾತ್ರ ರಾಜ್ಯದ ಬೊಕ್ಕಸಕ್ಕೆ. ಪುರಸಭೆಗಳು ಪರಿಹಾರದ ಅನುದಾನಕ್ಕೆ ವಿಧಾನಸೌಧದ ಕಡೆ ನೋಡುತ್ತಾ ಕೂತವು. ಸ್ವಂತ ಸಂಪಾದನೆ ಇದ್ದವರು ತಿಂಗಳ ಖರ್ಚಿಗೆ ಕೈ ಒಡ್ಡಿದ ಹಾಗೆ.

ಉಳಿದದ್ದು ಮನೆ ಕಂದಾಯ. ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ಅಧಿಕಾರಿ ಅಂದಾಜು ಹಾಕುತ್ತಿದ್ದರು, ಅದರ ಮೇಲೆ ತೆರಿಗೆ. ಅಂದಾಜು ಅಂದಮೇಲೆ ಚೌಕಾಶಿ ಇದ್ದದ್ದೇ ಅಲ್ವಾ? ಅದಕ್ಕೆ 2000ದಲ್ಲಿ ಸ್ವಯಂ ಘೋಷಣೆ ಬಂತು: ನಿಮ್ಮ ಮನೆ ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ ಕಟ್ಟಿ. 2008ರಲ್ಲಿ ಊರನ್ನು ಎ ಇಂದ ಎಫ್‌ವರೆಗೆ ವಲಯ ಮಾಡಿ ಚದರಡಿಗೆ ಇಷ್ಟು ಅಂತ ದರ ಗೊತ್ತು ಮಾಡಿದರು. 1,000 ಚದರಡಿ ಮನೆ, ತಿಂಗಳಿಗೆ ಚದರಡಿಗೆ 2 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 10 ತಿಂಗಳು ಮಾತ್ರ ಲೆಕ್ಕ, ಹಾಗಾಗಿ 20,000. ಮನೆ ಹಳೆಯದಾದದ್ದಕ್ಕೆ ಸಿಗುವ ಸವಕಳಿ ಕಡಿತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತೆರಿಗೆ ಅದರ ಶೇ 20, ಅಂದರೆ 4,000. ಅದರ ಮೇಲೆ ಶೇ 24 ಸೆಸ್, 960 ರೂಪಾಯಿ: ಆರೋಗ್ಯಕ್ಕೆ 600, ಗ್ರಂಥಾಲಯಕ್ಕೆ 240, ಭಿಕ್ಷುಕರ ಪುನರ್ವಸತಿಗೆ 120. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಕಟ್ಟುವ ದಾರಿ ಇಷ್ಟು ಸಲೀಸಾಯಿತು. ಖರ್ಚಿನ ದಾರಿ ಆಗಲಿಲ್ಲ.

ಈಗ ಕೆಂಗೇರಿಗೆ ಬನ್ನಿ. ಬೆಂಗಳೂರಿನ ಅಂಚಿನಲ್ಲಿ ಅದೊಂದು ಸಣ್ಣ ಪಟ್ಟಣವಾಗಿತ್ತು, ತನ್ನದೇ ಪುರಸಭೆ ಇತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹಿಡಿದುಕೊಂಡೇ ಕಚೇರಿಗೆ ಹೋಗಬಹುದಾದಷ್ಟು ಹತ್ತಿರ. 2007ರಲ್ಲಿ 7 ನಗರಸಭೆ, 110 ಹಳ್ಳಿಗಳ ಜೊತೆ ಈ ಒಂದು ಪುರಸಭೆಯೂ ಬೆಂಗಳೂರಿಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ಕೆಂಗೇರಿಯ ಕಂದಾಯ ದೊಡ್ಡ ಗಲ್ಲಾಪೆಟ್ಟಿಗೆಗೆ ಬಿತ್ತು. ಲಾಭವೇ ಆಗಲಿಲ್ಲ ಅನ್ನೋದು ತಪ್ಪು. ದೊಡ್ಡ ಪೈಪು, ದೊಡ್ಡ ರಸ್ತೆ ಸಣ್ಣ ಪುರಸಭೆಯ ಕೈಲಿ ಆಗುವ ಕೆಲಸವಲ್ಲ. ಆದರೆ ಮೋರಿ ಚಪ್ಪಡಿಯಂಥ ಕೆಲಸವೂ ಅದೇ ದೊಡ್ಡ ಫೈಲಿನೊಳಗೆ ಹೋಯಿತು.

ಇದಕ್ಕೆ ಮದ್ದು ಅಂತಲೇ ನಗರಾಡಳಿತದ ಕುರಿತಾದ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ವಾರ್ಡ್ ಮಟ್ಟದಲ್ಲೇ ಕೂತು ಕೆಲಸ ನೋಡುವ ವಾರ್ಡ್ ಸಮಿತಿ ಇದೆ. ತಮಾಷೆ ಅಂದ್ರೆ ಅದು ಕಡ್ಡಾಯ ಆಗೋದು 3 ಲಕ್ಷ ಅಥವಾ ಜಾಸ್ತಿ ಜನ ಇರುವ ಊರಿಗೆ ಮಾತ್ರ. ಸಣ್ಣ ಪಟ್ಟಣಕ್ಕೆ ಆ ಬಾಧ್ಯತೆಯೇ ಇಲ್ಲ. 2021ರಿಂದ 2026ರವರೆಗೆ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದಿಂದ ಅವಕ್ಕೆ ಗೊತ್ತುಮಾಡಿದ ದುಡ್ಡಲ್ಲೂ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನನಗೆ ಈ ಕಟ್ಟು ಇಷ್ಟವೇ. ಇಲ್ಲದಿದ್ದರೆ ಮೊದಲು ಏಳೋದು ಸ್ವಾಗತ ಕಮಾನು. ಆದರೆ ಯಾವ ಬೀದಿಯ ಪೈಪು ಮೊದಲು ಅನ್ನೋದನ್ನು ಆ ಬೀದಿಯವರನ್ನು ಕೇಳಿ, ಬಿಲ್ಲನ್ನು ಅಲ್ಲೇ ಗೋಡೆಗೆ ಅಂಟಿಸಿದರೆ ಕಂದಾಯ ಏರಿಸಿದರೂ ಜನ ಇಷ್ಟು ಗೊಣಗಲಿಕ್ಕಿಲ್ಲ.

ಬೆಂಗಳೂರಲ್ಲಿ ಕೇಳಬೇಕಾದವರೇ ಇಲ್ಲದಾದರು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಅದನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 1882ರ ಜೋಡಿಯಲ್ಲಿ ವೋಟು ಎಲ್ಲೋ ನಿಂತುಬಿಟ್ಟಿತ್ತು, ತೆರಿಗೆ ಒಂದೇ ನಡೆದುಕೊಂಡು ಬಂತು.

ಅಜ್ಜಿಗೆ ಅವರ ರಸೀದಿಯನ್ನು ಸಾಲುಸಾಲಾಗಿ ಓದಿ ಹೇಳಿದೆ. ಭಿಕ್ಷುಕರ ಸೆಸ್ ಬಂದಾಗ ನಕ್ಕರು. ‘ಅದು ನಮಗೇ ವಾಪಸ್ ಬರುತ್ತೆ ಬಿಡು’ ಅಂದರು. ಚಪ್ಪಡಿ ಕೊನೆಗೂ ಚಂದಾ ದುಡ್ಡಲ್ಲೇ ಬಿತ್ತು. ಮಳೆಗೆ ಮಾಸಿದರೂ ಲೆಕ್ಕದ ಹಾಳೆ ಇನ್ನೂ ಗೋಡೆ ಮೇಲಿದೆ, ಅಜ್ಜಿಯ ಹೆಸರಿನ ಮುಂದೆ 200 ರೂಪಾಯಿ.