ಬದುಕಿರುವ ಕೋಶದ ಪೊರೆ ಅಳೆದ ನ್ಯೂಟ್ರಾನ್

ಕೋಶದ ಪೊರೆ ಎಷ್ಟು ದಪ್ಪ ಅಂತ ಕೇಳಿದರೆ ಪುಸ್ತಕದಲ್ಲಿ ಉತ್ತರ ಸಿಗುತ್ತದೆ. ಆದರೆ ಆ ಲೆಕ್ಕ ಬಹುಪಾಲು ಬಂದದ್ದು ಪ್ರಯೋಗಾಲಯದಲ್ಲಿ ಕಟ್ಟಿದ ಮಾದರಿ ಪೊರೆಗಳಿಂದ. ಬದುಕಿರುವ ಕೋಶದಲ್ಲೇ ಅಳೆಯುವುದು ಸುಲಭವಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಡಬೇಕೆಂದರೆ ಕೋಶವನ್ನು ಒಣಗಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಬೇಕು. ಎಕ್ಸ್-ರೇ ಜೋರಾಗಿ ಹಾಯಿಸಿದರೆ ಕೋಶವೇ ಕೆಡುತ್ತದೆ.

ನ್ಯೂಟ್ರಾನ್ ಹಾಗಲ್ಲ. ಅದಕ್ಕೆ ವಿದ್ಯುತ್ ಆವೇಶವಿಲ್ಲ. ಎಲೆಕ್ಟ್ರಾನ್‌ಗಳ ಗೊಡವೆಗೆ ಹೋಗದೆ ಸೀದಾ ಪರಮಾಣುವಿನ ನ್ಯೂಕ್ಲಿಯಸ್‌ಗೆ ತಾಗಿ ಚದುರುತ್ತದೆ. ಇಲ್ಲಿ ಬಳಸುವ ನಿಧಾನಗತಿಯ ನ್ಯೂಟ್ರಾನ್‌ಗಳ ಶಕ್ತಿ ಎಕ್ಸ್-ರೇಗಿಂತ ಲಕ್ಷಗಟ್ಟಲೆ ಪಟ್ಟು ಕಡಿಮೆ. ಅವು ಯಾವ ಕೋನದಲ್ಲಿ ಎಷ್ಟು ಚದುರಿದವು ಎಂಬುದರಿಂದ ಒಳಗಿನ ಅಳತೆ ಲೆಕ್ಕ ಹಾಕುತ್ತಾರೆ.

ನಿಜವಾದ ಸ್ವಾರಸ್ಯ ಇರುವುದು ಹೈಡ್ರೋಜನ್‌ನಲ್ಲಿ. ಸಾದಾ ಹೈಡ್ರೋಜನ್ ನ್ಯೂಟ್ರಾನನ್ನು ಚದುರಿಸುವ ಅಳತೆ -3.74 ಫೆಮ್ಟೋಮೀಟರ್ (ಅತಿ ಚಿಕ್ಕ ಉದ್ದದ ಮಾನ). ಅದರ ಭಾರದ ರೂಪವಾದ ಡ್ಯುಟೀರಿಯಂನದು +6.67. ಚಿಹ್ನೆಯೇ ಉಲ್ಟಾ! ಹಾಗಾಗಿ ನೀರಿಗೆ ಭಾರಜಲ (ಡ್ಯುಟೀರಿಯಂ ಇರುವ ನೀರು) ಬೆರೆಸುತ್ತಾ ಹೋದರೆ ಒಂದೊಂದು ಹದದಲ್ಲಿ ಒಂದೊಂದು ವಸ್ತು ಸುತ್ತಲಿನ ನೀರಿನಷ್ಟೇ ಚದುರಿಸಿ ನ್ಯೂಟ್ರಾನ್ ಕಣ್ಣಿಗೆ ಮರೆಯಾಗುತ್ತದೆ. ಭಾರಜಲ ಸುಮಾರು 40% ಇದ್ದಾಗ ಪ್ರೋಟೀನ್ ಮಾಯ, 65%ರ ಹತ್ತಿರ ಡಿಎನ್‌ಎ ಮಾಯ. ಬೇಡದ್ದನ್ನು ಮರೆಮಾಡಿ ಬೇಕಾದ್ದನ್ನಷ್ಟೇ ನೋಡಬಹುದು. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಚಿಕ್ಕ ಭಾಗದಲ್ಲಿ 21 ಪ್ರೋಟೀನ್‌ಗಳು ಎಲ್ಲೆಲ್ಲಿವೆ ಎಂಬ ನಕ್ಷೆ 1987ರಲ್ಲಿ ಪೂರ್ತಿಯಾಗಿದ್ದು ಇದೇ ಉಪಾಯದಿಂದ.

2017ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ತಂಡ ಇನ್ನೂ ಮುಂದೆ ಹೋಯಿತು. ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾವನ್ನು ಭಾರಜಲದಲ್ಲಿ ಬೆಳೆಸಿ, ಪೊರೆ ಬಿಟ್ಟು ಉಳಿದದ್ದೆಲ್ಲ ಹಿನ್ನೆಲೆಯಲ್ಲಿ ಕರಗುವಂತೆ ಮಾಡಿದರು. ಪೊರೆಯ ಕೊಬ್ಬಿನ ಪದರ ಸುಮಾರು 2.4 ನ್ಯಾನೋಮೀಟರ್ ದಪ್ಪ ಎಂದು ಗೊತ್ತಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಪೊರೆಯ ಕೊಬ್ಬಿನ ಅಣುಗಳು ಎಲ್ಲ ಕಡೆ ಸಮನಾಗಿ ಬೆರೆತಿವೆಯಾ, ಇಲ್ಲಾ ಅಲ್ಲಲ್ಲಿ ಗುಂಪು ಕಟ್ಟುತ್ತವಾ ಅನ್ನುವುದು ಹಳೆಯ ಜಗಳ. ಬ್ಯಾಕ್ಟೀರಿಯಾಗೆ ಎರಡು ಬಗೆಯ ಕೊಬ್ಬಿನಾಮ್ಲ ಉಣಿಸಿದರು. ಸಾದಾ ಹೈಡ್ರೋಜನ್ ಮತ್ತು ಡ್ಯುಟೀರಿಯಂ ಪಾಲನ್ನು ಎಷ್ಟು ಹದವಾಗಿ ಇಟ್ಟಿದ್ದರೆಂದರೆ, ಎರಡೂ ಸಮನಾಗಿ ಬೆರೆತರೆ ಪೊರೆಯೂ ಕಾಣಬಾರದು. ಒಂದೇ ಬಗೆಯವು ಒಟ್ಟುಗೂಡಿದರೆ ಮಾತ್ರ ಸುಳಿವು ಸಿಗಬೇಕು. ಸುಳಿವು ಸಿಕ್ಕಿತು. 40 ನ್ಯಾನೋಮೀಟರ್‌ಗಿಂತ ಚಿಕ್ಕ ಗುಂಪುಗಳು ಅಲ್ಲಿದ್ದವು. ಎಂಥ ಅಚ್ಚುಕಟ್ಟಾದ ಪ್ರಯೋಗ ಅಲ್ವಾ!

ಒಂದು ಮಿತಿಯಿದೆ. ನ್ಯೂಟ್ರಾನ್ ಕಿರಣ ದುರ್ಬಲ, ಆದ್ದರಿಂದ ಮಾದರಿ ಜಾಸ್ತಿ ಬೇಕು. ಬರುವ ಉತ್ತರ ಒಂದು ಕೋಶದ್ದಲ್ಲ, ಅಸಂಖ್ಯ ಕೋಶಗಳ ಸರಾಸರಿ. ಗುಂಪು ಇದೆ ಎಂದು ಅದು ಹೇಳುತ್ತದೆ. ಯಾವ ಕೋಶದ ಯಾವ ಮೂಲೆಯಲ್ಲಿದೆ ಎಂದು ಹೇಳಲಾರದು.