ಫೋನಿನಲ್ಲಿ ದೇವಿಯನ್ನು ಕಂಡರೆ ಹರಕೆ ಸಂದಂತೆಯೇ?

ಪ್ರಶ್ನೆ: ಈ ಸಲ ಮಾರಿಕಾಂಬೆಯ ಜಾತ್ರೆಗೆ ಶಿರಸಿಗೆ ಬರಲು ಆಗಲಿಲ್ಲ. ನೇರಪ್ರಸಾರದಲ್ಲಿ ದರ್ಶನ ಪಡೆದು, ಸೇವೆಯ ಹಣವನ್ನು ಫೋನಿನಿಂದಲೇ ಕಳಿಸಿದೆವು. ಹಿರಿಯರಂತೆ ಸ್ಥಳಕ್ಕೇ ಬಂದು ನಡೆಸದಿದ್ದರೆ ಲೋಪವಲ್ಲವೇ?

ಉತ್ತರ: ಲೋಪವಲ್ಲ, ಸಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗಲೆಲ್ಲ ಇದೇ ಪ್ರಶ್ನೆಗೆ ಇದೇ ಉತ್ತರ ಕೊಡುತ್ತ ಬಂದಿದ್ದೇನೆ. ಆದರೂ ಅದು ಮರಳಿ ಬರುವುದಕ್ಕೆ ಕಾರಣ ಪ್ರಶ್ನೆಯ ಕೊನೆಯಲ್ಲಿರುವ ‘ಹಿರಿಯರಂತೆ’ ಎಂಬ ಮಾತು. ನಮ್ಮ ಹಿರಿಯರು ಪ್ರತಿಯೊಂದು ಸೇವೆಯನ್ನೂ ದೇವರ ಮುಂದೆ ನಿಂತೇ ಸಲ್ಲಿಸುತ್ತಿದ್ದರು, ದೂರದಿಂದ ಸಲ್ಲಿಸುವ ಪದ್ಧತಿ ಮೊಬೈಲಿನೊಂದಿಗೆ ಬಂತು ಎಂದು ಓದಿದವರೂ ನಂಬಿದ್ದಾರೆ. ಈ ನಂಬಿಕೆ ತಪ್ಪು, ಮತ್ತು ಇದರಿಂದ ದೂರದ ಊರಿನಲ್ಲಿರುವ ಎಷ್ಟೋ ಜನ ಸುಮ್ಮನೆ ನೋಯುತ್ತಿದ್ದಾರೆ. ಆದ್ದರಿಂದ ಇದನ್ನು ಬುಡದಿಂದಲೇ ನೋಡೋಣ.

ಹಿರಿಯರ ಪ್ರಯಾಣವನ್ನು ಒಮ್ಮೆ ನೆನೆಯಿರಿ. ಸೇತುವೆಗಳಿಲ್ಲದ ಕಾಲದಲ್ಲಿ ಕಾರವಾರದಿಂದ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹೊರಟವರು ಕಾಳಿಯನ್ನು ಬಿಟ್ಟರೂ ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ತಾರಿಯಲ್ಲಿ ದಾಟಬೇಕಿತ್ತು. ಘಟ್ಟ ಹತ್ತುವವರಿಗೆ ಮಳೆಗಾಲದಲ್ಲಿ ದಾರಿಯೇ ಇರುತ್ತಿರಲಿಲ್ಲ. ತೋಟದ ಕೊನೆಕೊಯ್ಲು, ಹಟ್ಟಿಯ ದನ, ಮನೆಯ ಬಾಣಂತಿ ಇವನ್ನೆಲ್ಲ ಬಿಟ್ಟು ಹೋಗುವುದು ಸುಲಭವೇ? ಅದಕ್ಕಾಗಿಯೇ ಮುಡಿಪು ಎಂಬ ಪದ್ಧತಿ ಇದ್ದದ್ದು. ಹರಕೆಯ ಹಣವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟ ಕ್ಷಣದಿಂದಲೇ ಅದು ದೇವರ ಸೊತ್ತು. ತಲುಪಿಸುವುದಕ್ಕೆ ಕಾಲ ಕೂಡಿಬರಬೇಕು, ಅಷ್ಟೆ.

ನನ್ನ ತಾಯಿ ಕಟ್ಟಿದ್ದ ತಿರುಪತಿಯ ಮುಡಿಪು ನಮ್ಮ ದೇವರ ಕೋಣೆಯ ಮೊಳೆಗೆ ಹನ್ನೊಂದು ವರ್ಷ ತೂಗುತ್ತಿತ್ತು. ದೀಪದ ಹೊಗೆಗೆ ಅದರ ಬಟ್ಟೆ ಕಪ್ಪಾಗಿ, ಎಣ್ಣೆಯ ಜಿಡ್ಡಿಗೆ ಚರ್ಮದಂತೆ ಗಟ್ಟಿಯಾಗಿತ್ತು. ಕೊನೆಗೆ ಅದನ್ನು ಹುಂಡಿಗೆ ಹಾಕಿದವರು ಪಕ್ಕದ ಮನೆಯ ದಂಪತಿ. ತಾಯಿ ತಿರುಪತಿಯನ್ನು ನೋಡಲೇ ಇಲ್ಲ. ಆದರೂ ಅವರು ತಂದುಕೊಟ್ಟ ಲಾಡುವಿನ ಚೂರನ್ನು ಬಾಯಿಗೆ ಹಾಕಿಕೊಂಡು ‘ಋಣ ತೀರಿತು’ ಎಂದರು. ಆ ಹರಕೆ ಸಂದಿಲ್ಲವೆಂದು ಊರಿನಲ್ಲಿ ಒಬ್ಬರೂ ಹೇಳಲಿಲ್ಲ.

ಅಂಚೆಯ ಕಥೆಯೂ ಇದೇ. ನಮ್ಮ ದೇಶದಲ್ಲಿ ಅಂಚೆ ಕಚೇರಿಗಳು ಮನಿಯಾರ್ಡರ್ ಸೇವೆಯನ್ನು 1880ರಲ್ಲಿ ವಹಿಸಿಕೊಂಡವು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯ ಹುಡುಗರು ಆ ಫಾರ್ಮಿನ ಕೆಳಗಿದ್ದ ಚಿಕ್ಕ ಚೀಟಿಯಲ್ಲಿ ಗೋತ್ರ, ನಕ್ಷತ್ರ, ಹೆಸರು ಬರೆದು ಇಡಗುಂಜಿಗೋ ಗೋಕರ್ಣಕ್ಕೋ ಹಣ ಕಳಿಸುತ್ತಿದ್ದರು, ಕೆಲವು ವಾರಗಳ ಮೇಲೆ ಕುಂಕುಮದ ಪೊಟ್ಟಣವಿದ್ದ ಲಕೋಟೆ ಅವರ ಕೋಣೆಗೆ ಬರುತ್ತಿತ್ತು. ಇಂದು ಕ್ಯೂಆರ್ ಕೋಡಿಗೆ ಫೋನು ಹಿಡಿಯುವವರು ಅದೇ ಕೆಲಸವನ್ನು ಮಾಡುತ್ತಿದ್ದಾರೆ. ಅದಕ್ಕೆ ಸಂದದ್ದು ಇದಕ್ಕೂ ಸಲ್ಲಬೇಕು.

‘ನಮ್ಮ ಜಾತ್ರೆ ಮೊದಲಿನಿಂದ ಹೀಗೇ ಇದೆ, ಈಗ ಬದಲಾಗುತ್ತಿದೆ’ ಎಂಬ ಕೊರಗೂ ಇದರ ಬೆನ್ನಿಗೇ ಬರುತ್ತದೆ. ಕೋಣನ ಬಲಿ ಇದ್ದ ಜಾತ್ರೆ ಇದು. ಗಾಂಧೀಜಿ ಶಿರಸಿಗೆ ಬಂದದ್ದು 1934ರಲ್ಲಿ. ಆ ದಶಕದಲ್ಲಿ ಇಲ್ಲಿ ಬಲಿ ನಿಂತಿತು. ಆ ಮಹತ್ತರ ಬದಲಾವಣೆಯ ಮುಂದೆ ಒಂದು ಕ್ಯಾಮೆರಾ ಎಷ್ಟರದು? ಅಷ್ಟಾಗಿಯೂ ದೇವಿ ಬಿಡಕಿಬೈಲಿನ ಗದ್ದುಗೆಗೆ ಬರುವುದು, ಜನ ಉಡಿ ತುಂಬುವುದು ನಿಂತಿಲ್ಲ.

ಹಾಗಾದರೆ ಬರುವ ಅಗತ್ಯವೇ ಇಲ್ಲವೇ ಎಂದು ಕೇಳಬೇಡಿ. ಅದು ಬೇರೆ ಮಾತು. ಜಾತ್ರೆ ಎಂದರೆ ದರ್ಶನ ಮಾತ್ರವಲ್ಲ. ರಥಕ್ಕೆ ಕಾಡಿನಿಂದ ಮರ ತರುವುದರಿಂದ ಹಿಡಿದು ಕೊನೆಯ ದಿನದ ವಿಧಿಗಳವರೆಗೆ ಒಂದೊಂದು ಕೆಲಸಕ್ಕೂ ಒಂದೊಂದು ಮನೆತನದ ಬಾಬುದಾರರು, ಎಂದರೆ ಆ ಕೆಲಸದ ಹಕ್ಕು ಮತ್ತು ಹೊಣೆ ಪರಂಪರೆಯಿಂದ ಬಂದವರು, ಇದ್ದಾರೆ. ಬಾಬು ಇಲ್ಲದ ನಮ್ಮಂಥವರಿಗೂ ನೆಂಟರಿಗೆ ಅಡುಗೆ ಮಾಡುವ, ಅಜ್ಜಿಯಂದಿರ ಕೈ ಹಿಡಿದು ಸಾಲಿನಲ್ಲಿ ನಿಲ್ಲಿಸುವ ಕೆಲಸ ಇದ್ದೇ ಇರುತ್ತದೆ. ಈ ದುಡಿಮೆಯನ್ನು ಫೋನಿನಿಂದ ಕಳಿಸಲಾಗುವುದಿಲ್ಲ. 2024ರ ಮಾರ್ಚಿನ ಜಾತ್ರೆಯಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳು ಹಾಸಿಗೆ ಹಿಡಿದಿದ್ದ ತನ್ನ ತಾಯಿಗೆ ವಿಡಿಯೋ ಕರೆಯಲ್ಲಿ ದೇವಿಯನ್ನು ತೋರಿಸಲು ಹೆಣಗುತ್ತಿದ್ದಳು. ಒಂದು ಕೈಯಲ್ಲಿ ಉಡಿಯ ಸಾಮಾನು, ಇನ್ನೊಂದರಲ್ಲಿ ಫೋನು. ಜನರ ನೂಕಿಗೆ ಪರದೆಯಲ್ಲಿ ಚಪ್ಪರದ ಅಂಚು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿದ್ದ ಎತ್ತರದ ಗಂಡಸು, ಗುರುತು ಪರಿಚಯ ಇಲ್ಲದವರು, ‘ಕೊಡಿ ತಂಗಿ’ ಎಂದು ಫೋನು ತೆಗೆದುಕೊಂಡು ತಲೆಯ ಮೇಲೆತ್ತಿ ಹಿಡಿದರು. ‘ಕಂಡಳು, ಕಂಡಳು’ ಎಂಬ ಕ್ಷೀಣ ಸ್ವರ ಅದರಿಂದ ಕೇಳಿಸಿತು. ಆ ತಾಯಿಗೆ ದರ್ಶನವಾಯಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರಿಗಾಗಿ ಇಬ್ಬರು ಅಲ್ಲಿ ಬಂದು ನಿಂತಿದ್ದರು.

ಇನ್ನೊಂದು ವಿಷಯ. ಜಾತ್ರೆ ಮುಗಿದ ಮೇಲೆ ಯುಗಾದಿಯ ಮರುಪ್ರತಿಷ್ಠೆಯವರೆಗೆ ದೇವಾಲಯದಲ್ಲಿ ದೇವಿಯ ದರ್ಶನವಿರುವುದಿಲ್ಲ. ಆ ದಿನಗಳಲ್ಲಿ ಶಿರಸಿಯ ಪೇಟೆಯಲ್ಲಿಯೇ ಇರುವ ನಾವೂ ಅಮ್ಮನನ್ನು ಕಾಣದವರೇ. ಬಾಗಿಲ ಮುಂದೆ ಹಾಯುವಾಗ ಕೈ ಮುಗಿದು ಮುಂದೆ ಹೋಗುತ್ತೇವೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಅಮೆರಿಕದ ಮಗ ಊರಿನ ಪುರೋಹಿತರನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಸತ್ಯನಾರಾಯಣ ವ್ರತ ಮಾಡುವಾಗ ಸಂಕಲ್ಪದಲ್ಲಿ ಯಾವ ದೇಶವನ್ನು ಹೇಳಬೇಕು? ಸಂಕಲ್ಪವೆಂದರೆ ನಾನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಕುಳಿತಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು. ಕರ್ತೃ ಕುಳಿತ ನೆಲವೇ ಅಲ್ಲಿ ಬರಬೇಕು. ಅಮೆರಿಕದಲ್ಲಿರುವವರು ‘ಕ್ರೌಂಚದ್ವೀಪೇ’ ಎನ್ನುವ ರೂಢಿ ಇದೆ. ನಮ್ಮ ಕಡೆಯ ಸಂಕಲ್ಪದಲ್ಲಿ ಬರುವ ‘ಗೋಕರ್ಣಮಂಡಲೇ’ ಎಂಬುದನ್ನು ಬಿಡುವಾಗ ಗಂಟಲು ಕಟ್ಟಿತೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಅವನ ನೋವು ನನಗೆ ಅರ್ಥವಾಗುತ್ತದೆ. ಆದರೆ ಇಲ್ಲದ ನೆಲವನ್ನು ಇದ್ದಂತೆ ಹೇಳುವುದಕ್ಕಿಂತ, ರಜೆಗೆ ಬಂದಾಗ ತೋಟದ ಮನೆಯ ಜಗುಲಿಯಲ್ಲಿ ಕುಳಿತು ಅದನ್ನು ಬಾಯಿತುಂಬ ಹೇಳುವುದು ಸರಿ ಎಂದೆ. ಆ ಮಾತನ್ನು ಅವನಿಂದ ಯಾರೂ ಕಿತ್ತುಕೊಂಡಿಲ್ಲ. ಊರಿನಲ್ಲಿರುವವರು ಅವನ ಪರವಾಗಿ ಇಲ್ಲಿಯೇ ಪೂಜೆ ಮಾಡಿಸುವುದಾದರೆ ಇಲ್ಲಿಯ ನೆಲವನ್ನೂ ಅವನ ಗೋತ್ರ, ನಕ್ಷತ್ರ, ಹೆಸರನ್ನೂ ಹೇಳಿದರಾಯಿತು.

ತಿಥಿಗೂ ಇದೇ ನಿಯಮ. ದಿನದ ತಿಥಿಯನ್ನು ಸಾಮಾನ್ಯವಾಗಿ ಆಯಾ ಊರಿನ ಸೂರ್ಯೋದಯಕ್ಕೆ ನೋಡುವುದರಿಂದ ಶಿರಸಿಯ ಏಕಾದಶಿ ಅಮೆರಿಕದಲ್ಲಿ ಬೇರೆ ದಿನಕ್ಕೆ ಬೀಳಬಹುದು. ಫೋನಿನ ಪಂಚಾಂಗವನ್ನು ನೋಡುವವರು ಅದರಲ್ಲಿ ಯಾವ ಊರನ್ನು ಆರಿಸಿದ್ದೇವೆಂದು ಮೊದಲು ಪರೀಕ್ಷಿಸಿಕೊಳ್ಳಿ. ಅಲ್ಲಿ ಬೆಂಗಳೂರೆಂದಿದ್ದರೆ ತೆಗೆದು, ಈಗ ಇರುವ ಊರಿನ ಹೆಸರು ಹಾಕಿ.