ಬಾಡು ತಿಂದ ಎಷ್ಟು ಹೊತ್ತಿಗೆ ಶುರುವಾಯ್ತು?

ಹೊಸತೊಡಕಿನ ಮಾರನೆ ದಿನ ನನ್ನ ಕ್ಲಿನಿಕ್ಕಿಗೆ ಬಂದು ನೋಡಿ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಏಳೆಂಟು ಜನ ಹೊಟ್ಟೆ ಹಿಡಿದುಕೊಂಡು ಜಗಲಿ ಮೇಲೆ ಕೂತಿರುತ್ತಾರೆ. ಯುಗಾದಿ ದಿನ ಬೇವು ಬೆಲ್ಲ, ಹೋಳಿಗೆ. ಮಾರನೆ ದಿನ ಹೊಸತೊಡಕು, ಅವತ್ತು ಬಾಡು. ತಿಂಗಳಿಗಿಷ್ಟು ಅಂತ ವರ್ಷವಿಡೀ ಚೀಟಿ ಕಟ್ಟಿ, ಬೀದಿಯವರೆಲ್ಲ ಸೇರಿ ಕುರಿ ತಂದು, ಕೊಯ್ದು, ಗುಡ್ಡೆ ಹಾಕಿ ಹಂಚಿಕೊಂಡ ಮಾಂಸ ಅದು. ಮನೆಗೆ ಮೂರ್ನಾಲ್ಕು ಕೆಜಿ ಬಂದಿರುತ್ತದೆ, ಬೆಳಿಗ್ಗೆ ಬೋಟಿ ಗೊಜ್ಜು, ಮಧ್ಯಾಹ್ನ ಮುದ್ದೆ ಸಾರು, ಸಂಜೆ ಚಾಪ್ಸು, ರಾತ್ರಿ ಮತ್ತೆ ಮಧ್ಯಾಹ್ನದ್ದೇ ಸಾರು. ಜಗಲಿ ಮೇಲೆ ಕೂತವರ ಬಾಯಲ್ಲೆಲ್ಲ ಒಂದೇ ಮಾತು: "ಡಾಕ್ಟ್ರೇ, ಯಾಕೋ ಈಚೀಚೆಗೆ ಬಾಡು ಆಗ್ತಿಲ್ಲ."

ಈ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ತೊಂದರೆ ಇರುತ್ತವೆ. ಏನು ತಿಂದಿರಿ ಅಂತ ನಾನು ಕೇಳುವುದಿಲ್ಲ, ಅದು ಗೊತ್ತಿದ್ದದ್ದೇ. ತಿಂದ ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಕೇಳುತ್ತೇನೆ. ಎಲೆ ಮುಂದಿಂದ ಏಳುವಾಗಲೇನಾ, ನಡುರಾತ್ರಿಗಾ, ಮಾರನೆ ಬೆಳಿಗ್ಗೆಗಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಹತ್ತರಲ್ಲಿ ಎಂಟು ಜನಕ್ಕೆ ಅದು ನೆನಪೇ ಇರುವುದಿಲ್ಲ. ಮಸಾಲೆ ಯಾರು ರುಬ್ಬಿದ್ದು, ಕುರಿ ಎಲ್ಲಿಂದ ತಂದದ್ದು ಅನ್ನೋದೆಲ್ಲ ನೆನಪಿರುತ್ತದೆ.

ಮುಂದೆ ಹೋಗೋಕೆ ಮೊದಲು ಒಂದು ಸುಳ್ಳು ಸುದ್ದಿ ಹೇಳಿಬಿಡುತ್ತೇನೆ. ಮಟನ್ ಮೂರು ದಿನ ಹೊಟ್ಟೆಯಲ್ಲೇ ಕೊಳೆಯುತ್ತದೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ನಮ್ಮವರು ನಂಬುತ್ತಾರೆ. ಹಾಗೇನೂ ಇಲ್ಲ. ಊಟ ಜಠರದಿಂದ ಕೆಳಗಿಳಿಯಲು ಸುಮಾರು ನಾಲ್ಕು ಗಂಟೆ ಬೇಕು. ಕೊಬ್ಬು ಜಾಸ್ತಿ ಇದ್ದರೆ ಇನ್ನೊಂದೆರಡು ಗಂಟೆ. ಬೇಳೆಯ ಪ್ರೋಟೀನನ್ನು ಮುರಿಯುವ ರಸಗಳೇ ಮಾಂಸದ ಪ್ರೋಟೀನನ್ನೂ ಮುರಿಯುತ್ತವೆ, ಹೆಚ್ಚುಕಡಿಮೆ ಅಷ್ಟೂ ಸಣ್ಣ ಕರುಳಿನಲ್ಲೇ ಮೈಗೆ ಸೇರಿಬಿಡುತ್ತದೆ. ಶ್ರಾವಣವಿಡೀ ಬಿಟ್ಟು ಆಮೇಲೆ ತಿಂದರೆ ಅರಗಿಸುವ ಶಕ್ತಿಯೇ ಹೋಗಿರುತ್ತದೆ ಅನ್ನುವುದೂ ಅಷ್ಟೇ. ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಒಂದು ತಿಂಗಳ ಬಾಕಿಯನ್ನು ಒಂದೇ ಮಧ್ಯಾಹ್ನ ತೀರಿಸಲು ಕೂತರೆ ಯಾರ ಹೊಟ್ಟೆಯಾದರೂ ಕೂಗುತ್ತದೆ, ಅಲ್ವಾ?

ತಿನ್ನುತ್ತಿರುವಾಗಲೇ, ಇಲ್ಲ ಎದ್ದ ಅರ್ಧ ಗಂಟೆಯೊಳಗೆ ಹೊಟ್ಟೆ ಬಿಗಿಯುವುದು, ತೇಗು, ಎದೆಯುರಿ ಬಂದರೆ ಹೆಚ್ಚಾಗಿ ಲೆಕ್ಕ ತಪ್ಪಿದ್ದು ಅಳತೆಯಲ್ಲಿ, ಇಲ್ಲ ನೆಣದಲ್ಲಿ. ನೆಣ ಇರೋ ತುಂಡಿಗೇ ರುಚಿ ಅನ್ನೋದು ನನಗೂ ಗೊತ್ತು. ಆದರೆ ಕೊಬ್ಬು ಜಠರದ ಕೆಲಸವನ್ನು ನಿಧಾನ ಮಾಡುತ್ತದೆ, ಅನ್ನನಾಳದ ಕೆಳಗಿನ ಬಾಗಿಲನ್ನೂ ಸಡಿಲ ಮಾಡುತ್ತದೆ. ಮೇಲೆ ಎರಡು ಪೆಗ್ಗು ಹಾಕಿ, ರಾತ್ರಿ ಹನ್ನೊಂದಕ್ಕೆ ಉಂಡು, ಹನ್ನೊಂದೂವರೆಗೆ ಮಲಗಿದರೆ ಹುಳಿ ಮೇಲೆ ಬರದೆ ಇನ್ನೇನು ಮಾಡುತ್ತದೆ? ಸೋಡಾ ಕುಡಿದರೆ ಇಳಿಯುತ್ತದೆ ಅನ್ನುತ್ತಾರೆ. ಸೋಡಾದಲ್ಲಿರುವುದೇ ಗ್ಯಾಸು. ನೀವು ಕುಡಿದ ಗ್ಯಾಸನ್ನೇ ತೇಗಿ ಹೊರಗೆ ಬಿಟ್ಟು ಹಗುರಾಯ್ತು ಅಂದುಕೊಳ್ಳುತ್ತೀರಿ.

ವಯಸ್ಸಾದವರಲ್ಲಿ ನಾನು ಹೊಟ್ಟೆಗಿಂತ ಮೊದಲು ಬಾಯಿ ನೋಡುತ್ತೇನೆ. ದವಡೆ ಹಲ್ಲೇ ಇರುವುದಿಲ್ಲ. ಬಲಿತ ಕುರಿಯ ಮಾಂಸವನ್ನು ಎರಡು ಸಲ ಆಕಡೆ ಈಕಡೆ ಮಾಡಿ ನುಂಗಿರುತ್ತಾರೆ. ಅವರಿಗೆ ಮಾತ್ರೆಗಿಂತ ಕೈಮಾ ಉಂಡೆ ಒಳ್ಳೆಯದು.

ಈಗ ನಡುರಾತ್ರಿಯ ನೋವಿಗೆ ಬರೋಣ. ನಲವತ್ತೆಂಟು ವರ್ಷದ ಒಬ್ಬ ಹೆಂಗಸು ನಾಲ್ಕು ವರ್ಷದಿಂದ ಮಟನ್ ಮುಟ್ಟಿರಲಿಲ್ಲ. ತಿಂದ ಎರಡು ಮೂರು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದುಕೊಳ್ಳುತ್ತಿತ್ತಂತೆ. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬಲ ಹೆಗಲಿನ ಹಿಂದಕ್ಕೆ ಹೋಗುತ್ತಿತ್ತು. ಒಂದೇ ಸಮನೆ ನೋವು, ಬಿಟ್ಟು ಬಿಟ್ಟು ಬರುವಂಥದ್ದಲ್ಲ. ಎರಡು ಮೂರು ಗಂಟೆ ಹಾಗೇ ಇದ್ದು, ಒಮ್ಮೆ ವಾಂತಿಯಾಗಿ, ಬೆಳಗಿನ ಜಾವಕ್ಕೆ ತಾನಾಗೇ ಹೋಗುತ್ತಿತ್ತು. ಗ್ಯಾಸಿನ ಮಾತ್ರೆ ನುಂಗಿದರೆ ಏನೂ ಪ್ರಯೋಜನ ಇಲ್ಲ. "ಮಟನ್ ನನಗೆ ಶತ್ರು ಸಾರ್, ಬಿಟ್ಟೇ ಬಿಟ್ಟೆ" ಅಂದರು. ಹಬ್ಬದಲ್ಲಿ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿಂದಾಗ ಏನಾಗುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಅವತ್ತೂ ಬಂದಿತ್ತು" ಅಂದರು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು.

ಪಿತ್ತಕೋಶ ಅನ್ನೋದು ಲಿವರ್ ಕೆಳಗೆ ಅಂಟಿಕೊಂಡಿರುವ, ಸಣ್ಣ ಬದನೆಕಾಯಿಯಷ್ಟಿರುವ ಚೀಲ. ಲಿವರ್ ಮಾಡಿದ ಪಿತ್ತರಸ ಅಲ್ಲಿ ಕೂಡಿಟ್ಟಿರುತ್ತದೆ. ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ಹೊರಟು, ಹಿಂಡು ಅಂತ ಆ ಚೀಲಕ್ಕೆ ಹೇಳುತ್ತದೆ. ಚೀಲ ಹಿಂಡಿದಾಗ ಒಳಗಿನ ಕಲ್ಲು ಬಾಯಿಗೆ ಬಂದು ಸಿಕ್ಕಿಕೊಂಡರೆ ಈ ನೋವು. ಹಾಗಾಗಿ ಮಟನ್ನಿನ ಕೊಬ್ಬಾದರೂ ಒಂದೇ, ತುಪ್ಪವಾದರೂ ಒಂದೇ. ನಮ್ಮ ಕಡೆ ತಲೆ ಸುತ್ತಿದರೂ ಪಿತ್ತ, ವಾಂತಿ ಬಂದರೂ ಪಿತ್ತ. ನಿಜವಾಗಿ ಪಿತ್ತದ ಕಾಯಿಲೆ ಬಂದಾಗ ಮಾತ್ರ ಗ್ಯಾಸು ಅನ್ನುತ್ತಾರೆ! ಇನ್ನೊಂದು ಮಾತು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿತು, ಆದರೆ ಒಂದು ದಿನವೂ ನೋವು ಬಂದಿಲ್ಲ ಅನ್ನುವವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನೋವು ಬರುತ್ತಿರುವವರು ಮುಂದೂಡಬಾರದು. ಆರು ಗಂಟೆ ದಾಟಿದರೂ ಬಿಡದೆ ಜ್ವರ, ಚಳಿ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗುವ ತನಕ ಕಾಯುವ ಹಾಗೇ ಇಲ್ಲ. ಕುಡಿಯುವವರಿಗೆ ಬರುವ ಇನ್ನೊಂದು ನೋವಿದೆ. ಹೊಟ್ಟೆಯಿಂದ ನೇರ ಬೆನ್ನಿಗೆ ಕೊರೆದ ಹಾಗೆ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ. ಅದು ಮೇದೋಜೀರಕ ಗ್ರಂಥಿ ಉರಿಯೂತದ ನೋವು, ಅದಕ್ಕೂ ನೇರ ಆಸ್ಪತ್ರೆಯೇ.

ಇನ್ನು ಊಟವಾಗಿ ನಾಲ್ಕೈದು ಗಂಟೆ ಬಿಟ್ಟು ಉಬ್ಬರ, ಗುಡುಗುಡು, ಕೆಳಗಿನಿಂದ ಗಾಳಿ. ನೋವು ಅಂತ ದೊಡ್ಡದಿಲ್ಲ, ಕಿರಿಕಿರಿ. ಇವರೇ ನನ್ನ ಹತ್ತಿರ ಜಾಸ್ತಿ ಬರುವವರು, ಬಾಡಿನ ಮೇಲೆ ಸುಮ್ನೆ ತಪ್ಪು ಹೊರಿಸುವವರೂ ಇವರೇ. ಮಾಂಸದಲ್ಲಿ ಗಾಳಿ ಎಬ್ಬಿಸುವ ಪಿಷ್ಟ, ಸಕ್ಕರೆ ಏನೂ ಇಲ್ಲ. ಅದರ ಜೊತೆಗೆ ಹೋದ ಈರುಳ್ಳಿ, ಬೆಳ್ಳುಳ್ಳಿ ನೋಡಿ. ಒಂದು ಕೆಜಿ ಮಟನ್ನಿಗೆ ಎಷ್ಟು ಈರುಳ್ಳಿ ಹುರಿದು ರುಬ್ಬುತ್ತೀರಿ, ಎಷ್ಟು ಗೆಡ್ಡೆ ಬೆಳ್ಳುಳ್ಳಿ ಜಜ್ಜುತ್ತೀರಿ? ಅವುಗಳಲ್ಲಿರುವ ಫ್ರಕ್ಟಾನ್ ಅನ್ನುವ ನಾರಿನಂಥ ಸಕ್ಕರೆಯನ್ನು ಮನುಷ್ಯರ ಸಣ್ಣ ಕರುಳು ಅರಗಿಸುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬ. ಕರುಳು ಸೂಕ್ಷ್ಮ ಇರುವವರಿಗೆ ಇದೇ ಉಬ್ಬರ. ಪರೋಟ ಜೊತೆಗಿದ್ದರೆ ಇನ್ನೂ ಜೋರು, ಯಾಕೆಂದರೆ ಗೋಧಿ ಮೈದಾದಲ್ಲೂ ಫ್ರಕ್ಟಾನ್ ಇದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಒಂದು ಮಧ್ಯಾಹ್ನ ನೂರು ಗ್ರಾಂ ಕೋಳಿಯನ್ನು ಉಪ್ಪು, ಅರಿಶಿನ, ಶುಂಠಿ, ಮೆಣಸು ಮಾತ್ರ ಹಾಕಿ ಬೇಯಿಸಿ ಅನ್ನದ ಜೊತೆ ತಿನ್ನಿ. ಈರುಳ್ಳಿ ಬೆಳ್ಳುಳ್ಳಿ ಬೇಡ, ಎಣ್ಣೆ ಒಂದು ಚಮಚ. ಮೂರು ದಿನ ಬಿಟ್ಟು ನಿಮ್ಮ ಮನೆಯ ಮಾಮೂಲಿ ಬಾಡಿನ ಮಸಾಲೆಯನ್ನೇ ರುಬ್ಬಿ, ಮಾಂಸದ ಬದಲು ಆಲೂಗಡ್ಡೆ ಹಾಕಿ ಸಾರು ಮಾಡಿ ಉಣ್ಣಿ. ಅವರೆಕಾಳು ಹಾಕಬೇಡಿ, ಅದೇ ಬೇರೆ ಗಾಳಿ ಎಬ್ಬಿಸುತ್ತದೆ. ಕೋಳಿ ತಿಂದ ದಿನ ಏನೂ ಆಗದೆ ಆಲೂಗಡ್ಡೆ ಸಾರಿಗೆ ಹೊಟ್ಟೆ ಉಬ್ಬಿದರೆ ಕಳ್ಳ ಯಾರು ಅಂತ ಗೊತ್ತಾಯ್ತಲ್ಲ. ಸಾರಿನಿಂದ ಈರುಳ್ಳಿ ಚೂರು ಆರಿಸಿ ತೆಗೆದರೆ ಸಾಲದು, ಫ್ರಕ್ಟಾನ್ ನೀರಿನಲ್ಲಿ ಕರಗಿ ಸಾರಿಗೆ ಇಳಿದಿರುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳು ತೆಗೆದು ಬಿಸಾಕಿ, ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಘಮ ಉಳಿಯುತ್ತದೆ, ತೊಂದರೆ ಹೋಗುತ್ತದೆ. ಈ ಉಪಾಯ ಹೇಳಿದಾಗ ಒಬ್ಬರ ಮನೆಯವರು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಬೆಳ್ಳುಳ್ಳಿ ಇಲ್ಲದ ಮಟನ್ ಸಾರು ಅಂದರೆ ನಮ್ಮ ಸೀಮೆಯಲ್ಲಿ ಬೈಗುಳ.

ಮಾರನೆ ಬೆಳಿಗ್ಗೆಯ ಭೇದಿಯದು ಬೇರೆಯೇ ಕಥೆ. ಬೀಗರೂಟ ಮಧ್ಯಾಹ್ನ ಒಂದಕ್ಕೆ ಅಂದುಕೊಳ್ಳಿ. ನಡುರಾತ್ರಿಯ ಮೇಲೆ ಮನೆಯಲ್ಲಿ ಉಂಡವರೆಲ್ಲ ಒಬ್ಬರ ಹಿಂದೆ ಒಬ್ಬರು ಚೊಂಬು ಹಿಡಿಯುತ್ತಾರೆ. ಹೊಟ್ಟೆ ನುಲಿತ, ನೀರು ನೀರು ಭೇದಿ, ವಾಂತಿ ಕಡಿಮೆ, ಜ್ವರ ಇಲ್ಲ, ಒಂದು ದಿನದಲ್ಲಿ ತಾನಾಗೇ ನಿಲ್ಲುತ್ತದೆ. ಎಂಟರಿಂದ ಹದಿನಾರು ಗಂಟೆಯ ಲೆಕ್ಕ ಇದು, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾದ್ದು. ಇದರ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಐವತ್ತು ಕೆಜಿಯ ಹಂಡೆಯಲ್ಲಿ ಬೆಳಿಗ್ಗೆ ಬೇಯಿಸಿಟ್ಟ ಸಾರು ಒಳಗೊಳಗೇ ಗಂಟೆಗಟ್ಟಲೆ ಉಗುರುಬೆಚ್ಚಗೆ, ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತದಲ್ಲ, ಆ ಹದವೇ ಇದಕ್ಕೆ ಬೇಕಾದ್ದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಆದ್ದರಿಂದ ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿಡಬೇಡಿ, ಎರಡು ಗಂಟೆಯೊಳಗೆ ಸಣ್ಣ ಸಣ್ಣ ಅಗಲ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿಗಿಡಿ, ತಿನ್ನುವಾಗ ತಳದಿಂದ ಕೊತಕೊತ ಕುದಿಯುವ ತನಕ ಬಿಸಿ ಮಾಡಿ. ಬೆಚ್ಚಗಾದರೆ ಸಾಲದು.

ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿಯೇ ಜೋರಾಗಿ ಶುರುವಾದರೆ ಅದು ಬಡಿಸುವವರ, ಕೊಯ್ಯುವವರ ಕೈಯಿಂದ ಬಂದ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಕೋಳಿ ಸರಿಯಾಗಿ ಬೇಯದೆ ಬರುವ ಕ್ಯಾಂಪಿಲೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದ ಭೇದಿ ಎರಡರಿಂದ ಐದು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಕೋಳಿ ತಿಂದದ್ದೇ ಮರೆತಿರುತ್ತದೆ. ಭೇದಿ ಯಾವುದಾದರೂ ಮೊದಲು ಓಆರ್‌ಎಸ್ ಕುಡಿಯಿರಿ. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗಬೇಡಿ, ಜ್ವರ ಅಥವಾ ರಕ್ತ ಇದ್ದರಂತೂ ಮುಟ್ಟಲೇಬೇಡಿ.

ಮಾಂಸವೇ ಒಗ್ಗದ ನಿಜವಾದ ಅಲರ್ಜಿಯೂ ಒಂದಿದೆ, ಇದರ ಕಾರಣ ವಿಚಿತ್ರ. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಕೆಲವು ಜಾತಿಯ ಉಣುಗು ಕಚ್ಚಿದ ಮೇಲೆ ಜನಕ್ಕೆ ಕುರಿ, ಹಂದಿ, ದನದ ಮಾಂಸ ಒಗ್ಗದೇ ಹೋಗುತ್ತದೆ. ಆಲ್ಫಾ-ಗ್ಯಾಲ್ ಅನ್ನುವ ಸಕ್ಕರೆ ಈ ಪ್ರಾಣಿಗಳ ಮೈಯಲ್ಲಿದೆ, ಕೋಳಿ ಮೀನಿನಲ್ಲಿಲ್ಲ, ನಮ್ಮಲ್ಲೂ ಇಲ್ಲ. ತಿಂದ ಎರಡರಿಂದ ಆರು ಗಂಟೆಗೆ ಮೈಯೆಲ್ಲ ದದ್ದು, ಹೊಟ್ಟೆನೋವು, ಕೆಲವರಿಗೆ ಉಸಿರೇ ಕಟ್ಟುತ್ತದೆ. ನಮ್ಮ ಮಲೆನಾಡಿನ ಉಣುಗು ಅಂದ ಕೂಡಲೇ ನೆನಪಾಗುವುದು 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ಅಲರ್ಜಿಯ ಒಬ್ಬ ರೋಗಿಯನ್ನೂ ನಾನು ನೋಡಿಲ್ಲ. ಆದರೂ ಹೊರದೇಶದಲ್ಲಿರುವ ನಮ್ಮ ಹುಡುಗರು ಕಾಡು ಸುತ್ತಿ ಬಂದ ಮೇಲೆ ಹೀಗಾದರೆ ನೆನಪಿರಲಿ. ದದ್ದು, ಉಸಿರಾಟದ ತೊಂದರೆ ಬಂದವರು ಮೇಲೆ ಹೇಳಿದ ಮನೆ ಪರೀಕ್ಷೆಗೆ ಕೈ ಹಾಕಬಾರದು.

ಎರಡನೆ ದಿನದ ಮಲಬದ್ಧತೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾಂಸದಲ್ಲಿ ನಾರು ಸೊನ್ನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಮುದ್ದೆ ಬಿಟ್ಟು ಬಿರಿಯಾನಿ ಹಿಡಿದವರು ಇದನ್ನು ಅನುಭವಿಸುತ್ತಾರೆ.

ಬಾಡೂಟಕ್ಕೆ ಹೋಗುವಾಗ ಜೇಬಿನಲ್ಲಿ ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಇಟ್ಟುಕೊಂಡು, ಉಂಡ ಮೇಲೆ ಅಕ್ಕಪಕ್ಕದವರಿಗೂ ಒಂದೊಂದು ಎಲೆ ಅಡಿಕೆ ಥರ ಹಂಚುವ ಅಣ್ಣಂದಿರನ್ನು ನೋಡಿದ್ದೇನೆ. ಆ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಕೆಲಸ ಮಾಡುವುದು. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯ ಆಮ್ಲ ಕಡಿಮೆಯಾಗಿ, ಅದೇ ಆಮ್ಲ ಸಾಯಿಸಬೇಕಾಗಿದ್ದ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಸಲೀಸಾಗಿ ಕರುಳಿಗೆ ಇಳಿಯುತ್ತವೆ.

ನನ್ನದೇ ವೃತ್ತಿಯವರ ಮೇಲೂ ಒಂದು ಸಿಟ್ಟಿದೆ. ಹೊಟ್ಟೆನೋವು ಅಂದ ತಕ್ಷಣ "ನಾನ್‌ವೆಜ್ ಬಿಟ್ಬಿಡಿ" ಅಂದುಬಿಡುವುದು. ಬಾಡಿನ ಮಾತು ನಮ್ಮಲ್ಲಿ ಬೇಗ ಜಾತಿಯ ಮಾತಾಗುತ್ತದೆ, 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಊಟದಲ್ಲಿ ಬಾಡು ಬೇಕೋ ಬೇಡವೋ ಅಂತ ಎಷ್ಟು ಗದ್ದಲ ಆಯ್ತು ನೋಡಿದಿರಲ್ಲ. ಆ ಜಗಳ ಡಾಕ್ಟರ ಚೀಟಿಯೊಳಗೆ ಬರಬಾರದು. ಅರವತ್ತು ಕೆಜಿ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನಾನು ಹೇಳಿದ ಆ ಹೆಂಗಸು ಬಾಡು, ಮೊಟ್ಟೆ ಎಲ್ಲ ಬಿಟ್ಟು, ಬದಲಿಗೆ ಬೇಳೆ ಹಾಲು ಏನನ್ನೂ ಹೆಚ್ಚಿಸಿಕೊಳ್ಳದೆ ಅನ್ನ ತಿಳಿಸಾರಿನಲ್ಲಿ ನಾಲ್ಕು ವರ್ಷ ಕಳೆದಿದ್ದರು. ಕಲ್ಲು ಸಿಕ್ಕ ದಿನ ರಕ್ತವನ್ನೂ ನೋಡಿದೆವು, ಹಿಮೋಗ್ಲೋಬಿನ್ ತೀರಾ ಇಳಿದಿತ್ತು. ಪಿತ್ತಕೋಶ ತೆಗೆಸಿ ಎರಡು ತಿಂಗಳ ಮೇಲೆ ಸಣ್ಣ ಬಟ್ಟಲಿನಿಂದ ಮತ್ತೆ ಶುರು ಮಾಡಿಸಿದೆ. ಈಗ ನೆಣ ತೆಗೆದ ಮಟನ್ ಆರಾಮಾಗಿ ತಿನ್ನುತ್ತಾರೆ.

ತೂಕ ತಾನಾಗೇ ಇಳಿಯುತ್ತಿದೆ, ಮಲ ಟಾರಿನ ಹಾಗೆ ಕಪ್ಪಗಿದೆ ಇಲ್ಲ ರಕ್ತ ಕಾಣುತ್ತಿದೆ, ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿದೆ ಅನ್ನುವವರಿಗೆ ಮನೆ ಪರೀಕ್ಷೆ, ಪಥ್ಯ ಯಾವುದೂ ಬೇಡ, ಎಂಡೋಸ್ಕೋಪಿಯೋ ಇನ್ನೊಂದೋ ಮಾಡಿಸಲೇಬೇಕು.

ಇನ್ನು ಬಾಡೂಟ ಮುಗಿಸಿ ಎದ್ದಾಗ ಎದೆ ನಡುವೆ ಭಾರ ಇಟ್ಟ ಹಾಗಾಗಿ, ತಣ್ಣನೆ ಬೆವರು ಬಂದು, ದವಡೆಗೋ ಎಡಗೈಗೋ ನೋವು ಎಳೆದರೆ, ಅದರಲ್ಲೂ ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಬೆವರು ಸುಸ್ತು ಬಂದರೆ, ಅದು ಗ್ಯಾಸು ಅಂತ ನಿರ್ಧಾರ ಮಾಡುವುದು ಇಸಿಜಿ ಆದ ಮೇಲೆ. ಹೊಸತೊಡಕಿನ ಸಂಜೆ ಹೀಗೇ ಒಬ್ಬರು ಸೋಡಾಕ್ಕೆ ನಿಂಬೆಹಣ್ಣು ಹಿಂಡಿಸಿಕೊಂಡು ಕುಡಿದು, ಒಂದು ರೌಂಡು ನಡೆದು, ಮೂರು ಗಂಟೆ ತಡವಾಗಿ ಬಂದಿದ್ದರು. ಬದುಕಿದರು, ಆದರೆ ಹೃದಯದ ಒಂದು ಭಾಗ ಹೋಗಿತ್ತು. ಹೀಗಾದರೆ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಬರಬೇಡಿ, 108ಕ್ಕೆ ಫೋನ್ ಮಾಡಿ.